ಅಪ್ಪ ಮಲಗಿದ್ದಾರೆ...

“ಅಕ್ಕ, ಚುಕ್ಕಿ ಇಡಬೇಕು ಎನಿಸಿದರೆ ಬಾಗಿಲಿಗೆ ಹೋಗಿ ರಂಗೋಲಿ ಹಾಕು. ಮೊಬೈಲಿನಲ್ಲಿ ಇಡಬೇಡ.”

ನಿನ್ನೆ ಬೆಳಿಗ್ಗೆ ನನ್ನ ತಮ್ಮ ಹೇಳಿದ ಮಾತಿದು. ನನಗಿಂತ ಎಂಟು ವರ್ಷ ಚಿಕ್ಕವನು. ಅವನ ಕೈ ಹಿಡಿದು ಅ ಆ ಇ ಈ ತಿದ್ದಿಸಿದವಳು ನಾನು. ಕೋಪ ಇನ್ನೂ ಇಳಿದಿಲ್ಲ. ತಪ್ಪು ನನ್ನದೇ ಆಗಿರುವುದರಿಂದ ಸದ್ಯಕ್ಕೆ ಇಳಿಯುವಂತೆಯೂ ಕಾಣುವುದಿಲ್ಲ.

ನನಗೆ ಪೂರ್ಣವಿರಾಮ ಇಡಲು ಬರುವುದಿಲ್ಲ. ಬರುವುದಿಲ್ಲ ಎಂದರೆ, ಮನಸ್ಸು ಬರುವುದಿಲ್ಲ. ಒಂದೇ ಚುಕ್ಕಿ ಇಟ್ಟು ಮಾತು ಮುಗಿಸಿದರೆ ಬಂದ ನೆಂಟರನ್ನು ಕಾಫಿ ಕೊಡದೆ ಕಳಿಸಿದಂತೆ ಸಂಕಟವಾಗುತ್ತದೆ. ಹಾಗಾಗಿ ಮೂರು ಇಡುತ್ತೇನೆ. ಮೂರೇ ಎಂಬ ನಿಯಮವೂ ಇಲ್ಲ. ಬೇಸರವಾಗಿದ್ದರೆ ಐದು, ಒಲೆಯ ಮೇಲೆ ಹಾಲಿದ್ದರೆ ಎರಡು. ಹಾಲಿನವನಿಗೆ ಒಮ್ಮೆ ‘ನಾಳೆ ಅರ್ಧ ಲೀಟರ್ ಸಾಕು...’ ಎಂದು ಕಳಿಸಿದ್ದಕ್ಕೆ ಅವನು ಖುದ್ದಾಗಿ ಮನೆಗೆ ಬಂದು, “ಹಾಲಿನಲ್ಲಿ ಏನಾದರೂ ದೋಷ ಕಂಡಿತೇ ಮೇಡಂ?” ಎಂದು ಕೈಕಟ್ಟಿ ನಿಂತಿದ್ದ. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಜಾಗ ಬಿಡುವ ಚಾಳಿಯೂ ನನಗಿದೆ. ಸಾಲು ತುಂಬಿದರೆ ಅದೊಂದೇ ಕೆಳಗೆ ಜಾರಿ, ಕೊನೆಯ ಬಸ್ಸು ತಪ್ಪಿಸಿಕೊಂಡವರಂತೆ ಒಂಟಿಯಾಗಿ ನಿಂತಿರುತ್ತದೆ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಆದದ್ದೆಲ್ಲ ಚುಕ್ಕಿಗಳಿಂದ.

ಮೊನ್ನೆ ಸಂಜೆ ಅಪ್ಪನ ದವಡೆ ಹಲ್ಲು ಕೀಳಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ವಾರದಿಂದ ಹಲ್ಲುನೋವು. ವಾಪಸ್ಸು ಬಂದು, ಅವರಿಗೆ ಗಂಜಿ ಕುಡಿಸಿ, ಬೆಂಗಳೂರಿನಲ್ಲಿರುವ ತಮ್ಮನಿಗೆ ಹೀಗೆ ಬರೆದೆ: ‘ಆಸ್ಪತ್ರೆಯಿಂದ ಬಂದೆವು... ಇನ್ನು ಅಪ್ಪನಿಗೆ ನೋವಿಲ್ಲ... ಮಲಗಿದ್ದಾರೆ... ತುಮಕೂರಿನ ಅತ್ತೆಗೂ ಹೇಳಿಬಿಡು...’ ಬರೆದವಳು ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ದಣಿದಿದ್ದರಿಂದ ಬಿದ್ದುಕೊಂಡೆ.

ಒಂದೊಂದು ವಾಕ್ಯವೂ ನಿಜ. ಚುಕ್ಕಿಗಳನ್ನು ತೆಗೆದು ಓದಿದರೆ ಹಲ್ಲು ಕೀಳಿಸಿಕೊಂಡ ಮುದುಕರೊಬ್ಬರ ಸಮಾಚಾರ. ಆದರೆ ತಮ್ಮ ಅದನ್ನು ಫೋನಿನಲ್ಲಿ ಅತ್ತೆಗೆ ಓದಿ ಹೇಳುವಾಗ ಚುಕ್ಕಿ ಬಂದಲ್ಲೆಲ್ಲ ಗಂಟಲು ಕಟ್ಟಿ ನಿಂತನಂತೆ. ನಾಲ್ಕನೆಯ ನಿಲುಗಡೆಗೆ ಅತ್ತೆ ಆ ಕಡೆ ಗೋಳೋ ಎಂದಿದ್ದಾರೆ. ನನಗೆ ಹನ್ನೊಂದು ಸಲ ಕರೆ ಮಾಡಿದನಂತೆ. “ಅಪ್ಪನ ಮೊಬೈಲಿಗೇ ಮಾಡಬಹುದಿತ್ತಲ್ಲೋ” ಎಂದರೆ, “ಹೇಗೆ ಮಾಡಲಿ ಅಕ್ಕ?” ಎಂದು ನನ್ನನ್ನೇ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಕಾರು ಹೊರಟಿದೆ. ತುಮಕೂರಿನಲ್ಲಿ ಅತ್ತೆ ಹತ್ತಿದ್ದಾರೆ. ತಿಪಟೂರು, ಅರಸೀಕೆರೆ, ಕಡೂರು, ದಾರಿಯುದ್ದಕ್ಕೂ ಅಣ್ಣನ ಗುಣಗಾನ. ತರೀಕೆರೆ ದಾಟುವಷ್ಟರಲ್ಲಿ, ಮೂವತ್ತು ವರ್ಷದಿಂದ ಮುಖ ಊದಿಸಿಕೊಳ್ಳಲು ಕಾರಣವಾಗಿದ್ದ ತೋಟದ ಪಾಲಿನ ವಿಷಯದಲ್ಲೂ ಅಪ್ಪನನ್ನು ಕ್ಷಮಿಸಿಬಿಟ್ಟಿದ್ದರಂತೆ.

ಇತ್ತ ಶಿವಮೊಗ್ಗದಲ್ಲಿ ಅಪ್ಪ ಐದೂವರೆಗೇ ಎದ್ದಿದ್ದಾರೆ. ದವಡೆ ಊದಿತ್ತು. ಬಿಳಿ ಟವೆಲ್ಲೊಂದನ್ನು ಗಲ್ಲದ ಕೆಳಗಿನಿಂದ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ಬಿಳಿ ಪಂಚೆಯಲ್ಲಿ ಗೇಟಿನ ಹತ್ತಿರ ಪೇಪರಿಗೆ ಕಾಯುತ್ತಿದ್ದರು. ನಮ್ಮಲ್ಲಿ ಆ ರೀತಿ ದವಡೆ ಕಟ್ಟುವುದು ಯಾರಿಗೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾರಿನ ದೀಪ ನೇರವಾಗಿ ಅವರ ಮೇಲೆ ಬಿತ್ತು. ಅತ್ತೆಯ ಕಿರುಚಾಟಕ್ಕೆ ನನಗೆ ಎಚ್ಚರವಾಯಿತು. ಬೀದಿಗೂ ಆಯಿತು.

ನಾನು ಓಡಿ ಬಂದಾಗ ಅಪ್ಪ ಊದಿದ ಬಾಯಿಯಲ್ಲೇ, “ಇದೇನಮ್ಮ, ಹೇಳದೆ ಕೇಳದೆ ಬಂದೆ?” ಎನ್ನುತ್ತಿದ್ದರು. ಅತ್ತೆ ಕಣ್ಣೊರೆಸಿಕೊಂಡು, “ಇದೇನಣ್ಣ, ಎದ್ದುಬಿಟ್ಟಿದ್ದೀಯಾ!” ಎಂದರು. ಆ ಸ್ವರದಲ್ಲಿ ಸಂತೋಷವೇ ಹೆಚ್ಚಿತ್ತು ಎಂದು ಪ್ರಮಾಣ ಮಾಡಲಾರೆ. ಅಷ್ಟು ದೂರದಿಂದ ಅತ್ತುಕೊಂಡು ಬಂದವರಿಗೆ ಸ್ವಲ್ಪ ನಷ್ಟವಾದ ಭಾವನೆ ಬರುವುದು ಸಹಜ. ಅವರ ಕೈಯಲ್ಲಿ ಕಾಶಿಯಿಂದ ತಂದು ಜೋಪಾನ ಮಾಡಿದ್ದ ಗಂಗಾಜಲದ ತಾಮ್ರದ ಗಿಂಡಿ ಇತ್ತು.

“ಅದು ಯಾರಿಗೆ?” ಎಂದರು ಅಪ್ಪ.

“ಮನೆಯಲ್ಲಿರಲಿ ಎಂದು ತಂದೆ” ಎಂದರು ಅತ್ತೆ.

ತಿಂಡಿಯ ಹೊತ್ತಿಗೆ ನನ್ನ ವಿಚಾರಣೆ ಶುರುವಾಯಿತು. ಸುಮ್ಮನಿರುವ ಜಾಯಮಾನ ನನ್ನದಲ್ಲ. ಕನ್ನಡಕ್ಕೆ ಈ ಚಿಹ್ನೆಗಳ ಹಂಗೇ ಇಲ್ಲ ಎಂದು ವಾದ ಹೂಡಿದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬಂದು ತಾನೇ ಬಾಗಿಲು ಹಾಕುತ್ತದೆ. ‘ಬಂದೆಯಾ’ ಎಂದರೆ ಸಾಕು, ಪ್ರಶ್ನೆ ಒಳಗೇ ಇದೆ. ಯಾರಾದರೂ ಆಡಿದ ಮಾತಾದರೆ ‘ಎಂದು’ ಕಾವಲಿಗೆ ನಿಂತಿರುತ್ತದೆ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಗೆ, ಸಮಾಸಕ್ಕೆ, ತದ್ಧಿತಕ್ಕೆ ಪ್ರಕರಣ ಬರೆದ, ಅಲ್ಪವಿರಾಮಕ್ಕೆ ಬರೆಯಲಿಲ್ಲ. ಹಳೆಯ ಕಾವ್ಯಕ್ಕೆ ಸಾಲು ನಿಲ್ಲಲು ಒಂದು ದಂಡ, ಪದ್ಯ ಮುಗಿಯಲು ಎರಡು ದಂಡ, ಅಷ್ಟೇ ಸಾಕಾಗಿತ್ತು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ ಒಂದು ಅಲ್ಪವಿರಾಮ ತೋರಿಸು ನೋಡೋಣ ಎಂದೆ.

“ಹಲ್ಮಿಡಿ ಶಾಸನ ಓದಿ ಯಾರೂ ರಾತ್ರೋರಾತ್ರಿ 300 ಕಿಲೋಮೀಟರ್ ಕಾರು ಓಡಿಸಿಲ್ಲ” ಎಂದ ತಮ್ಮ. “ದಂಡದ ಮಾತು ಬಂತಲ್ಲ, ನನ್ನ ಒಂದು ದಿನದ ರಜೆ, ಪೆಟ್ರೋಲು. ಎರಡು ದಂಡ.” ರಂಗೋಲಿಯ ಮಾತು ಬಂದದ್ದು ಆಮೇಲೆ. ಅಪ್ಪ ನಗಲು ಹೋಗಿ ದವಡೆ ಹಿಡಿದುಕೊಂಡರು. ಅಷ್ಟರ ಮಟ್ಟಿಗೆ ನ್ಯಾಯ ಸಿಕ್ಕಿತು.

ನನ್ನ ಅಮ್ಮ ಮಾತ್ರ ಒಂದು ಚಿಹ್ನೆಯನ್ನೂ ಬಳಸುತ್ತಿರಲಿಲ್ಲ. ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಬರುತ್ತಿದ್ದ ಅವಳ ಇನ್‌ಲ್ಯಾಂಡ್ ಪತ್ರಗಳಲ್ಲಿ ಕ್ಷೇಮದಿಂದ ‘ಇಂತಿ’ಯವರೆಗೂ ಒಂದೇ ವಾಕ್ಯ. ಎಮ್ಮೆ ಕರು ಹಾಕಿದ್ದು ಪಕ್ಕದ ಮನೆಯ ಮದುವೆ ಮುರಿದದ್ದು ಅಪ್ಪನ ಕೆಮ್ಮು ನೀನು ಸರಿಯಾಗಿ ಊಟ ಮಾಡು, ಎಲ್ಲ ಒಂದೇ ಉಸಿರಿನಲ್ಲಿ. ಚುಕ್ಕಿ ಇಡುವ ಜಾಗದಲ್ಲಿ ಇನ್ನೊಂದು ಅಕ್ಷರ ಹಿಡಿಯುತ್ತದೆ ಎನ್ನುವುದು ಅವಳ ಲೆಕ್ಕ. ಅಂಟು ಹಚ್ಚುವ ಅಂಚಿನಲ್ಲೂ ಬರೆದಿರುತ್ತಿದ್ದಳು. ಒಡೆಯುವಾಗ ಅಲ್ಲಿಯ ಅಕ್ಷರಗಳು ಹರಿದು ಹೋಗುತ್ತಿದ್ದವು. ಹರಿದದ್ದು ಏನೆಂದೂ ನನಗೆ ತಿಳಿಯುತ್ತಿತ್ತು. ಈಗ ಆ ಪತ್ರಗಳನ್ನು ತೆಗೆದರೆ ಆ ಅಂಚುಗಳನ್ನೇ ನೋಡುತ್ತಾ ಕೂರುತ್ತೇನೆ, ಅಲ್ಲಿ ಏನಿತ್ತು ಎಂದು ನೆನಪಾಗುವುದಿಲ್ಲ.

ಮಧ್ಯಾಹ್ನ ಊಟ ಮಾಡಿ ಇಬ್ಬರೂ ಹೊರಟರು. ತೋಟದ ಪಾಲಿನ ಕ್ಷಮೆಯನ್ನು ಅತ್ತೆ ಹೊರಡುವ ಮೊದಲು ವಾಪಸ್ಸು ಪಡೆದರು. ಗಿಂಡಿಯನ್ನು ಮಾತ್ರ ಬಿಟ್ಟುಹೋದರು. ಅದೀಗ ದೇವರ ಮನೆಯಲ್ಲಿದೆ; ಅಪ್ಪ ಆ ಕಡೆ ಹಾದುಹೋಗುವಾಗಲೆಲ್ಲ ಅದನ್ನೊಮ್ಮೆ ದಿಟ್ಟಿಸುತ್ತಾರೆ.

ರಾತ್ರಿ ಅತ್ತೆಯಿಂದ ಸಂದೇಶ ಬಂತು: ‘ತುಮಕೂರು ಸೇರಿದೆ’. ಕೊನೆಗೆ ಏನೂ ಇಲ್ಲ, ಒಂದು ಚುಕ್ಕಿಯೂ ಇಲ್ಲ. ಕೋಪವಿರಬಹುದೇ? ದಣಿವೇ? ‘ಸರಿ ಅತ್ತೆ’ ಎಂದು ಬರೆದು ಮೂರು ಚುಕ್ಕಿ ಇಟ್ಟೆ. ಎರಡನ್ನು ಅಳಿಸಿದೆ. ಉಳಿದ ಒಂದು ಚುಕ್ಕಿ ಮುಖಕ್ಕೆ ಹೊಡೆದ ಹಾಗೆ ಕಂಡಿತು, ಅದನ್ನೂ ಅಳಿಸಿದೆ. ಕೊನೆಗೆ ಇದರ ಸಹವಾಸವೇ ಬೇಡವೆಂದು ಫೋನ್ ಮಾಡಿದೆ.

ಅತ್ತೆ ಎತ್ತಲಿಲ್ಲ...