ಹಸ್ಕಿ ಬೇಕಾದರೆ ಹಿಮವಿರುವಲ್ಲಿಗೆ ಹೋಗಿ

ನಮ್ಮ ನವನಗರದಲ್ಲಿ ಬೆಳಗಿನ ವಾಕಿಂಗಿಗೆ ಈಗ ಹಿಮನಾಡಿನ ಹಸ್ಕಿ ನಾಯಿಗಳೂ ಬರುತ್ತಿವೆ. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಬಾಗಲಕೋಟೆ ಇದು. ಎರಡು ಪದರದ ದಟ್ಟ ಕೂದಲು ಹೊತ್ತ ಪ್ರಾಣಿಯನ್ನು ಹಗಲಿಡೀ ಎಸಿ ಕೋಣೆಯಲ್ಲಿ ಕೂಡಿಹಾಕಿ, ಸಂಜೆ ಅದರೊಂದಿಗೆ ಫೋಟೊ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದೇ ದುಡ್ಡು ಕೂಡಿಟ್ಟು ಒಮ್ಮೆ ಹಿಮನಾಡಿಗೆ ಹೋಗಿ, ಇಂಥ ನಾಯಿಗಳು ಎಳೆಯುವ ಸ್ಲೆಡ್, ಅಂದರೆ ಹಿಮದ ಮೇಲೆ ಜಾರುವ ಗಾಲಿಯಿಲ್ಲದ ಬಂಡಿ, ಹತ್ತಿ ಬನ್ನಿ ಎನ್ನುತ್ತೇನೆ.

ಮಗಳು ಫಿನ್‌ಲೆಂಡಿನಲ್ಲಿದ್ದಾಳೆ. ಆ ನೆಪದಲ್ಲಿ ಆರ್ಕ್ಟಿಕ್ ವೃತ್ತದ ಮಗ್ಗುಲಲ್ಲಿರುವ ರೊವಾನಿಯೆಮಿಗೆ ಹೋಗಿದ್ದೆವು. ಅಲ್ಲಿ ಸ್ಲೆಡ್ ಹೊರಡುವ ಮುನ್ನ ಆ ನಾಯಿಗಳ ಗದ್ದಲ ನೋಡಬೇಕು! ಕಾರಹುಣ್ಣಿಮೆಯಂದು ಕರಿ ಹರಿಯುವ ಎತ್ತುಗಳನ್ನು ಹಿಡಿದು ನಿಲ್ಲಿಸುವವರ ಪಾಡೇ ಅಲ್ಲಿಯವರದೂ. ನೆಗೆಯುತ್ತವೆ, ಹಗ್ಗ ಕಚ್ಚುತ್ತವೆ, ಊಳಿಡುತ್ತವೆ. ಸ್ಲೆಡ್ ತಡೆದು ನಿಲ್ಲಿಸಲು ಹಿಮದಲ್ಲಿ ನೆಟ್ಟ ಕೊಕ್ಕೆ ಕಿತ್ತರೆ ಸಾಕು, ಎಲ್ಲದರ ಬಾಯಿಯೂ ಬಂದ್. ಆಮೇಲೆ ಕೇಳುವುದು ಸ್ಲೆಡ್ ಜಾರುವ ಸರಸರ ಸದ್ದು ಮಾತ್ರ.

ಲಗಾಮಿಲ್ಲ, ಬಾರುಕೋಲಿಲ್ಲ. ಮಾತು ಕೇಳುವ ಜಾಣ ನಾಯಿಗಳು ಮುಂದೆ, ಕಸುವುಳ್ಳವು ಸ್ಲೆಡ್ಡಿಗೆ ಹತ್ತಿರ. ಸೆಕೆಯಾದರೆ ಓಡುತ್ತಲೇ ತಲೆ ಬಾಗಿಸಿ ಒಂದು ಬಾಯಿ ಹಿಮ ಕಚ್ಚಿಕೊಳ್ಳುತ್ತವೆ. ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಅವಕ್ಕೆ ಸೆಕೆ! ಹಿಂದೆ ನಿಂತು ನಡೆಸುವವನಿಗೆ ಕಾಲಡಿಯ ಬ್ರೇಕೇ ಗತಿ. ಬಿದ್ದರೂ ಹಿಡಿಕೆ ಬಿಡಬೇಡಿ ಎಂದು ಮೊದಲೇ ಹೇಳುತ್ತಾರೆ, ಏಕೆಂದರೆ ನಾಯಿಗಳು ನಿಮಗಾಗಿ ಕಾಯುವುದಿಲ್ಲ. ಅಂದಹಾಗೆ, ಓಡುತ್ತಲೇ ಅವು ಹೊರಕಡೆಯನ್ನೂ ಮುಗಿಸಿಕೊಳ್ಳುತ್ತವೆ. ಮುಂದೆ ಕುಳಿತವರ ಮೂಗಿಗೆ ಅದರ ಪ್ರಸಾದ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಇದು ಹಿಂಸೆಯಲ್ಲವೇ ಎಂದು ಕೆಲವರು ಕೇಳಿದರು. ಓಡಿಸುವುದರಲ್ಲಿ ನನಗೆ ಹಿಂಸೆ ಕಾಣಲಿಲ್ಲ. ನನ್ನ ತಕರಾರು ಓಟ ಮುಗಿದ ನಂತರದ ಬದುಕಿನ ಬಗ್ಗೆ. ಕೆನಡಾದ ವಿಸ್ಲರ್‌ನಲ್ಲಿ 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದ ಮೇಲೆ ವ್ಯಾಪಾರ ಕುಸಿಯಿತೆಂದು ಹತ್ತಾರು ಸ್ಲೆಡ್ ನಾಯಿಗಳನ್ನು ಕೊಂದು ಹೂಳಿದರು. ಹಾಗಾಗಿ ಬುಕಿಂಗ್ ಮಾಡುವ ಮೊದಲೇ ಕೇಳಿ: ಬೇಸಿಗೆಯಲ್ಲಿ ಇವುಗಳನ್ನು ಎಲ್ಲಿ ಇಡುತ್ತೀರಿ, ಸರಪಳಿ ಬಿಚ್ಚುವುದು ಯಾವಾಗ, ಮುದಿಯಾದವು ಏನಾಗುತ್ತವೆ? ಉತ್ತರ ಕೊಡಲು ತಡವರಿಸುವವರ ಸ್ಲೆಡ್ ಹತ್ತಬೇಡಿ. ಡಿಸೆಂಬರ್ ಬಿಟ್ಟು ಮಾರ್ಚ್‌ನಲ್ಲಿ ಹೋಗಿ. ಹಿಮವೂ ಇರುತ್ತದೆ, ಹಗಲೂ ದೊಡ್ಡದಿರುತ್ತದೆ.

"ಕಾಕಾ, ನಮ್ಮ ಮುಧೋಳ ನಾಯಿಯನ್ನೂ ಹೀಗೆ ಕಟ್ಟಬಹುದಲ್ಲ?" ಎಂದು ಓಣಿಯ ಹುಡುಗನೊಬ್ಬ ಕೇಳಿದ. ತೆಳು ಕೂದಲಿನ, ಬಡಕಲು ಮೈಯ ನಾಯಿ ಅದು; ಹಿಮದಲ್ಲಿ ನಡುಗಿ ಹೋದೀತು. ಕಣ್ಣಿಗೆ ಬಿದ್ದ ಬೇಟೆಯನ್ನು ಬಯಲಿನಲ್ಲಿ ಬೆನ್ನಟ್ಟುವ ಜಾತಿ ಬೇರೆ. ಮೊಲವೊಂದು ಅಡ್ಡ ಬಂದರೆ ಸ್ಲೆಡ್ಡೂ ಹೋಯಿತು, ಅದರಲ್ಲಿ ಕುಳಿತ ನೀವೂ ಹೋದಿರಿ. ನಾಯಿ ಸಾಕುವ ಆಸೆಯಿದ್ದರೆ ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ಹೋಗಿ ವಿಚಾರಿಸು ಎಂದೆ. ಅವನಿಗೆ ಹಸ್ಕಿಯ ಹಾಗೆ ನೀಲಿ ಕಣ್ಣಿನದೇ ಬೇಕಂತೆ.