ಎಂಯುಎನ್ ಭಾಷಣ ಸ್ಪರ್ಧೆ ಅಲ್ಲ ಮಾರಾಯ್ರೇ

ಮಕ್ಕಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ನಡೆಸೋ ವಿಶ್ವಸಂಸ್ಥೆಯ ಅಣಕು ಸಭೆಯೇ ಮಾಡೆಲ್ ಯುಎನ್ (ಎಂಯುಎನ್). ಶಾಲೆಯ ಮಾಡೆಲ್ ಯುಎನ್ ಕ್ಲಬ್ ಅಂದ ಕೂಡಲೇ ‘ನಂಗೆ ಮಾತಾಡೋಕೆ ಬರಲ್ಲ’ ಅಂತ ಹಿಂದೆ ಸರಿಯೋ ಮಕ್ಕಳೇ ಹೆಚ್ಚು. ಆದರೆ ಅಲ್ಲಿ ಗೆಲ್ಲೋದು ಓದಿಕೊಂಡು ಬಂದವರು, ನಾಲ್ಕು ಜನರನ್ನು ಒಂದು ಕರಡು ನಿರ್ಣಯಕ್ಕೆ ಒಪ್ಪಿಸಬಲ್ಲವರು.

ಮೊದಲ ಸಲವೇ ಅಮೆರಿಕ ಬೇಕು, ರಷ್ಯಾ ಬೇಕು ಅಂತ ಹಟ ಮಾಡಬೇಡಿ. ಎಲ್ಲರ ಬಾಣವೂ ಅತ್ತಲೇ. ಉತ್ತರ ಕೊಡೋದರಲ್ಲೇ ದಿನ ಮುಗಿಯುತ್ತೆ. ಸಮುದ್ರಮಟ್ಟ ಏರಿಕೆ ವಿಷಯವಾದರೆ ಪುಟ್ಟ ದ್ವೀಪದೇಶ ತುವಾಲುವಿನ ಮಾತಿಗೇ ತೂಕ ಜಾಸ್ತಿ.

ವಿಷಯದ ಬಗ್ಗೆ ನಿಮ್ಮ ದೇಶದ ನಿಲುವು ಹೇಳೋ ಪೊಸಿಷನ್ ಪೇಪರ್ ಸಾಮಾನ್ಯವಾಗಿ ಒಂದು ಪುಟ. ಅದರಲ್ಲಿ ದೇಶದ ಚರಿತ್ರೆ, ಜನಸಂಖ್ಯೆ ತುಂಬಿಸೋದು ದಂಡ. ಯಾವ ಒಪ್ಪಂದಕ್ಕೆ ಸಹಿ ಹಾಕಿದೆ, ಯಾವ ನಿರ್ಣಯಕ್ಕೆ ಹೇಗೆ ಮತ ಹಾಕಿದೆ ಅನ್ನೋದು ಮುಖ್ಯ. ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಮತದಾನದ ವಿವರ ಪುಕ್ಕಟೆ ಸಿಗುತ್ತೆ.

ಹಾಜರಿ ಕೂಗುವಾಗ ಹುಮ್ಮಸ್ಸಿನಲ್ಲಿ ‘ಪ್ರೆಸೆಂಟ್ ಅಂಡ್ ವೋಟಿಂಗ್’ ಅಂದುಬಿಟ್ಟರೆ ಕೊನೆಗೆ ತಟಸ್ಥರಾಗಿ ಉಳಿಯೋ ದಾರಿ ಮುಚ್ಚಿತು. ಬರೀ ‘ಪ್ರೆಸೆಂಟ್’ ಸಾಕು.

ಮಾಡರೇಟೆಡ್ ಕಾಕಸ್ (ಒಂದೇ ವಿಷಯದ ಮೇಲೆ ಒಬ್ಬೊಬ್ಬರಾಗಿ ಚುಟುಕಾಗಿ ಮಾತಾಡೋ ಚರ್ಚೆ) ಕೇಳುವಾಗ ವಿಷಯ, ಒಟ್ಟು ಸಮಯ, ಒಬ್ಬೊಬ್ಬರ ಸಮಯ ಮೂರೂ ಹೇಳಬೇಕು. 10 ನಿಮಿಷಕ್ಕೆ 45 ಸೆಕೆಂಡಿನಂತೆ ಕೇಳಿದರೆ 13 ಜನ ಮಾತಾಡಿ 15 ಸೆಕೆಂಡ್ ಉಳಿಯುತ್ತೆ, ಸಭೆ ನಡೆಸೋ ಚೇರ್ ಒಪ್ಪದಿರಬಹುದು. 9 ನಿಮಿಷ ಕೇಳಿ, ಸರಿಯಾಗಿ 12 ಜನ.

ನಿಜವಾದ ಕೆಲಸ ಸರದಿಯಿಲ್ಲದೆ ಗುಂಪುಗೂಡಿ ಚರ್ಚಿಸೋ ಅನ್‌ಮಾಡರೇಟೆಡ್ ಕಾಕಸ್‌ನದು. ಎಲ್ಲರೂ ಕುರ್ಚಿ ಬಿಟ್ಟು ಎದ್ದಾಗ ಗುಂಪಿನ ನಡುವೆ ಜೋರು ಮಾಡುವವರನ್ನು ಬಿಡಿ. ಕರಡು ಯಾರ ಕೈಲಿದೆ ನೋಡಿ, ಅವರ ಪಕ್ಕ ಕೂತ್ಕೊಳ್ಳಿ. ಎರಡು ಕಲಮು ನೀವೇ ಬರೆದುಕೊಟ್ಟರೆ ನಿಮ್ಮನ್ನು ಹೊರಗಿಡೋದು ಕಷ್ಟ.

ಕರಡು ನಿರ್ಣಯ ಎಷ್ಟೇ ಪುಟವಿರಲಿ, ವ್ಯಾಕರಣದ ಪ್ರಕಾರ ಒಂದೇ ವಾಕ್ಯ. ಪೀಠಿಕೆಯ ಕಲಮುಗಳಿಗೆ ಅಲ್ಪವಿರಾಮ, ಏನು ಮಾಡಬೇಕು ಅಂತ ಹೇಳೋ ಕಾರ್ಯಕಲಮುಗಳಿಗೆ ಸಂಖ್ಯೆ ಮತ್ತು ಅರ್ಧವಿರಾಮ, ಪೂರ್ಣವಿರಾಮ ಕಟ್ಟಕಡೆಗೆ ಮಾತ್ರ. ಇದನ್ನು ತಿದ್ದಿಕೊಳ್ಳೋದು ಸುಲಭ. ದೊಡ್ಡ ಎಡವಟ್ಟು ಅಧಿಕಾರದ್ದು: ಸಾಮಾನ್ಯ ಸಭೆಯ ಕಮಿಟಿಯಲ್ಲಿ ಕೂತು ‘ಎಲ್ಲ ದೇಶಗಳೂ ಕಡ್ಡಾಯವಾಗಿ ದಿಗ್ಬಂಧನ ಹೇರಬೇಕು’ ಅಂತ ಬರೆಯೋದು. ಆ ಸಭೆ ಶಿಫಾರಸು ಮಾಡಬಹುದಷ್ಟೇ. ಕಡ್ಡಾಯ ಮಾಡೋ ಅಧಿಕಾರ ಭದ್ರತಾ ಮಂಡಳಿಯದು.

ಆ ಮಂಡಳಿಯ ಸೀಟೇ ಸಿಕ್ಕಿದರೆ ಲೆಕ್ಕ ಬೇರೆ. 15ರಲ್ಲಿ 9 ಮತ ಬೇಕು, ಆದರೆ 14 ಮತ ಬಿದ್ದರೂ ಐದು ಕಾಯಂ ದೇಶಗಳಲ್ಲಿ ಒಂದು ವಿಟೋ ಹಾಕಿದರೆ ಕರಡು ಬಿತ್ತು. ಅದಕ್ಕೇ ಆ ಐವರಿಗೆ ಕರಡು ತೋರಿಸೋದು ಮತದಾನದ ಹೊತ್ತಿಗಲ್ಲ, ಮೊದಲ ಕಲಮು ಬರೆದಾಗಲೇ.