ವೀಸಾ ಅರ್ಜಿ ಏಜೆಂಟರ ಕೈಗೆ ಕೊಡಬೇಕೋ, ನಾವೇ ತುಂಬಬೇಕೋ?

ಕಲಬುರಗಿಯ ನಮ್ಮ ಓಣಿಯಲ್ಲೇ ನಾಲ್ಕು ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ. ಇಬ್ಬರು ಸೌದಿಯಲ್ಲಿ, ಒಬ್ಬ ದುಬೈಯಲ್ಲಿ, ನನ್ನ ತಮ್ಮ ಅಮೆರಿಕದಲ್ಲಿ. ಯಾರಿಗೆ ವೀಸಾ ಬೇಕಾದರೂ ಮೊದಲು ಬರುವ ಪ್ರಶ್ನೆ ಒಂದೇ: "ಚಲೋ ಏಜೆಂಟ್ ಯಾರರೆ ಗೊತ್ತದಾರೇನ್ರಿ?"

ಪರ ಮತ್ತು ವಿರೋಧ ಎರಡನ್ನೂ ನಾನೇ ಬರೆಯುತ್ತಿದ್ದೇನೆ. ಮೊದಲ ಭಾಗದ ಮಾತನ್ನು ಬಹಳ ವರ್ಷ ನಂಬಿದ್ದೆ. ಅದರಲ್ಲಿ ನ್ಯಾಯವಿದೆ ಅಂತ ಈಗಲೂ ಅನಿಸುತ್ತದೆ. ಎರಡನೇ ಭಾಗದ ಮಾತು ನನಗೆ ತಿಳಿಯಲು ಅವ್ವ ಎರಡು ಸಲ ಹೈದರಾಬಾದಿಗೆ ಹೋಗಬೇಕಾಯಿತು.

ಪರ: ಗೊತ್ತಿದ್ದವರ ಕೈಗೆ ಕೊಡುವುದೇ ಒಳ್ಳೆಯದು

ಅಮೆರಿಕದ ಪ್ರವಾಸಿ ವೀಸಾಕ್ಕೆ ಡಿಎಸ್-160 ಎಂಬ ಅರ್ಜಿ ತುಂಬಬೇಕು. ಉತ್ತರಗಳೆಲ್ಲ ಇಂಗ್ಲಿಷಿನಲ್ಲೇ ಇರಬೇಕು. ಸುಮಾರು 20 ನಿಮಿಷ ಸುಮ್ನೆ ಬಿಟ್ಟರೆ ಪುಟ ಮುಚ್ಚಿಹೋಗುತ್ತದೆ. ಅರ್ಜಿಯ ನಂಬರ್ ಬರೆದಿಟ್ಟುಕೊಳ್ಳದಿದ್ದರೆ ಮತ್ತೆ ಮೊದಲಿಂದ ಶುರು. ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಹೆಸರು, ಅಲ್ಲಿರುವ ಹತ್ತಿರದ ಸಂಬಂಧಿಕರು, ಹಿಂದೆ ಯಾವಾಗಲಾದರೂ ವೀಸಾ ಕೊಡದೆ ಕಳಿಸಿದ್ದರೇ ಎಂಬುದು, ಎಲ್ಲವನ್ನೂ ಕೇಳುತ್ತಾರೆ. ಸೇಡಂ ತಾಲ್ಲೂಕಿನ ಹಳ್ಳಿಯಲ್ಲಿ ಹೊಲ ನೋಡಿಕೊಂಡಿರುವ ಹೆಣ್ಣುಮಗಳಿಗೆ "ನೀವೇ ತುಂಬ್ರಿ, ಏನೂ ಇಲ್ಲ ಅದ್ರಾಗ" ಎಂದರೆ ಅವಳೇನು ಮಾಡಬೇಕು?

ಅದಕ್ಕಿಂತ ದೊಡ್ಡ ತೊಡಕು ನಮ್ಮ ಕಾಗದಪತ್ರಗಳದ್ದು. ಅವು ಅರ್ಜಿಯ ಖಾನೆಗಳಲ್ಲಿ ಸರಿಯಾಗಿ ಕೂಡುವುದೇ ಇಲ್ಲ. ಹೆಸರನ್ನೇ ನೋಡಿ. ನಮ್ಮ ಕಡೆ ಹಳೆಯ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಒಂದೇ ಹೆಸರಿರುತ್ತದೆ. ಅಡ್ಡಹೆಸರಿನ ಖಾನೆಯಲ್ಲಿ ಹೆಸರು, ಹೆಸರಿನ ಖಾನೆ ಖಾಲಿ. ಅಮೆರಿಕದ ವೀಸಾದಲ್ಲಿ ಆ ಖಾಲಿ ಜಾಗಕ್ಕೆ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಯುಎಇ ಅಂತೂ 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತು ಎಂದು ಆಮೇಲೆ ಹೇಳಿತು. ಟಿಕೆಟ್ ತೆಗೆಯುವ ಮೊದಲೇ ಇಂಥದ್ದನ್ನು ಹೇಳುವವರು ಬೇಕಲ್ವಾ?

ಹುಟ್ಟಿದ ದಿನದ ಕಥೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ಹೆರಿಗೆ, ಜನನ ಪ್ರಮಾಣಪತ್ರ ಇಲ್ಲ, ಶಾಲೆಗೆ ಹಾಕುವಾಗ ಮಾಸ್ತರು ಬರೆದದ್ದೇ ತಾರೀಖು. ಅದಕ್ಕೇ ನಮ್ಮಲ್ಲಿ ಜೂನ್ 1ಕ್ಕೆ ಹುಟ್ಟಿದವರು ಇಷ್ಟೊಂದು ಜನ. ಊರಿನ ಹೆಸರೂ ಒಂದೇ ರೀತಿ ಇಲ್ಲ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಕಲಬುರಗಿಯಾಯಿತು. ಹಳೇ ಪಾಸ್‌ಪೋರ್ಟಿನಲ್ಲಿ ಒಂದು, ಹೊಸ ಆಧಾರ್‌ನಲ್ಲಿ ಇನ್ನೊಂದು. ಎರಡೂ ಒಂದೇ ಊರು ಅಂತ ಹೊರಗಿನವರಿಗೆ ಹೇಗೆ ತಿಳಿಯಬೇಕು?

ಇನ್ನು ಬ್ಯಾಂಕ್ ಲೆಕ್ಕ. ತಿಂಗಳ ಸಂಬಳದವರ ಖಾತೆಯಲ್ಲಿ ಪ್ರತಿ ತಿಂಗಳೂ ರೊಕ್ಕ ಬೀಳುತ್ತದೆ. ತೊಗರಿ ಬೆಳೆಯುವವರ ಖಾತೆಗೆ ರಾಶಿ ಆದ ಮೇಲೆ, ಎಪಿಎಂಸಿಯಲ್ಲಿ ಮಾಲು ಮಾರಿದ ಮೇಲೆ ಒಂದೇ ಸಲ ಬರುತ್ತದೆ. ವರ್ಷವಿಡೀ ಐದಾರು ಸಾವಿರ ಇದ್ದ ಖಾತೆಗೆ ಜನವರಿಯಲ್ಲಿ ಮೂರು ಲಕ್ಷ ಬಂತೆಂದರೆ ದೂರದ ಅಧಿಕಾರಿಗೆ ಅನುಮಾನ ಬರುವುದು ಸಹಜ. ವೀಸಾಕ್ಕಾಗಿ ಯಾರದೋ ಸಾಲ ತಂದು ಹಾಕಿದ್ದಾರೆ ಅಂದುಕೊಳ್ಳುತ್ತಾರೆ. ಹೊಲದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ತೋರಿಸಲು ರಿಟರ್ನ್ಸೂ ಇರುವುದಿಲ್ಲ. ಅನುಭವ ಇರುವ ಏಜೆಂಟ್ ಆದರೆ ಪಹಣಿ, ಅಡತಿ ಅಂಗಡಿಯ ಪಟ್ಟಿ, ಎರಡು ಮೂರು ವರ್ಷದ ಪಾಸ್‌ಬುಕ್ ಎಲ್ಲ ಜೋಡಿಸಿಡು ಎಂದು ಹೇಳುತ್ತಾನೆ. ಮೂರೂ ವರ್ಷ ಅದೇ ತಿಂಗಳಲ್ಲಿ ರೊಕ್ಕ ಬಂದಿದ್ದು ಕಂಡರೆ ಅನುಮಾನ ಕರಗುತ್ತದೆ. ಈ ತಿಳಿವಳಿಕೆಗೆ ಎರಡು ಸಾವಿರ ಕೊಟ್ಟರೆ ತಪ್ಪೇನು?

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರ ವಿಷಯವೇ ಬೇರೆ. ಅಲ್ಲಿನ ಕೆಲಸದ ವೀಸಾವನ್ನು ಕೆಲಸ ಕೊಡುವವನೇ ಮಾಡಿಸಬೇಕು, ನಾವು ಮನೆಯಲ್ಲಿ ಕೂತು ತುಂಬುವ ಅರ್ಜಿ ಅಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದದ್ದು, ಆಗಿರುತ್ತದೆ. ಅಂಥವರು ಸೌದಿ, ಕುವೈತ್, ಕತಾರ್, ಒಮಾನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. 1983ರ ವಲಸೆ ಕಾಯ್ದೆಯೇ ನೋಂದಾಯಿತ ಏಜೆಂಟರಿಗೆ ಜಾಗ ಕೊಟ್ಟಿದೆ. ಅಂಥವರ ಮೂಲಕ ಹೋದರೆ ಕರಾರುಪತ್ರ ಇರುತ್ತದೆ. ವಿಮೆಯೂ ಇರುತ್ತದೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಏಜೆಂಟರೆಲ್ಲ ಕಳ್ಳರು ಎಂದು ಒಂದೇ ಮಾತಿನಲ್ಲಿ ಹೇಳುವವರು ಈ ದಾರಿಯಲ್ಲಿ ಹೋಗಿ ದುಡಿದು, ಮನೆ ಕಟ್ಟಿ, ತಂಗಿಯರ ಲಗ್ನ ಮಾಡಿದವರನ್ನು ಮಾತಾಡಿಸಿ ನೋಡಬೇಕು.

ವಿರೋಧ: ಸಹಿ ನಮ್ಮದಾದರೆ ಉತ್ತರವೂ ನಮ್ಮದೇ ಇರಬೇಕು

ತಮ್ಮನಿಗೆ ಮಗು ಹುಟ್ಟುವ ಸಮಯ. ಅವ್ವನನ್ನು ಕಳಿಸಬೇಕಿತ್ತು. ನಾನು ಏಜೆಂಟ್ ಕೈಗೆ ಪಾಸ್‌ಪೋರ್ಟ್, ಫೋಟೋ, ರೊಕ್ಕ ಕೊಟ್ಟು ಬಂದೆ. ಅವನು ಏನು ಬರೆದ ಅಂತ ನಾನು ಓದಲಿಲ್ಲ. ಅದು ನನ್ನದೇ ತಪ್ಪು.

ವೀಸಾ ಸಂದರ್ಶನಕ್ಕೆ ಹೈದರಾಬಾದಿನ ಅಮೆರಿಕ ಕಚೇರಿಗೆ ಹೋಗಬೇಕಿತ್ತು. ಬೆಂಗಳೂರಿಗೆ ಹೋಲಿಸಿದರೆ ನಮಗೆ ಹೈದರಾಬಾದ್ ಹತ್ತಿರ. ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್, ಬೀದರಿನವರಿಗೆ ಇನ್ನೂ ಕಡಿಮೆ. ಮೊದಲ ದಿನ ಬೆರಳಚ್ಚು. ಕಳೆ ಕಿತ್ತು ಕಿತ್ತು ಅವ್ವನ ಬೆರಳು ಸವೆದಿವೆ, ಮೂರು ನಾಲ್ಕು ಸಲ ಒತ್ತಿಸಿದರು. ಮರುದಿನ ಸಂದರ್ಶನ. ಒಳಗೆ ಅವಳೊಬ್ಬಳೇ ಹೋಗಬೇಕು. ಏನು ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರಂತೆ. ಅವ್ವ ಇದ್ದದ್ದನ್ನು ಹೇಳಿದಳು: "ಖೇತಿ ಹೈ, ತೂರ್ ಕೀ ಖೇತಿ." ತಿಂಗಳಿಗೆ ಎಷ್ಟು ಬರುತ್ತದೆ ಎಂದರೆ, ತಿಂಗಳಿಗೆ ಬರುವುದಿಲ್ಲ, ವರ್ಷಕ್ಕೊಮ್ಮೆ ಬರುತ್ತದೆ ಎಂದಳು. ಎರಡು ನಿಮಿಷ ಆಗಿರಬಹುದು. ಒಂದು ಕಾಗದ ಕೊಟ್ಟು ಕಳಿಸಿದರು. ಅದರಲ್ಲಿ ಇದ್ದದ್ದು ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಂ. ವಾಪಸ್ ಬರುತ್ತೀರಿ ಎಂಬ ನಂಬಿಕೆ ನಮಗೆ ಬರಲಿಲ್ಲ ಅಂತ ಅದರ ತಾತ್ಪರ್ಯ. ಅದರ ಮೇಲೆ ಮೇಲ್ಮನವಿ ಇಲ್ಲ. ಕಟ್ಟಿದ 185 ಡಾಲರ್ ತಿರುಗಿ ಬರುವುದಿಲ್ಲ. ಬೇಕಿದ್ದರೆ ಹೊಸದಾಗಿ ಅರ್ಜಿ ಹಾಕಬಹುದು, ಅಷ್ಟೇ.

ಮನೆಗೆ ಬಂದು ಅರ್ಜಿಯ ಪ್ರತಿ ತೆಗೆಸಿ ನೋಡಿದೆ. ಉದ್ಯೋಗದ ಜಾಗದಲ್ಲಿ 'ಬಿಸಿನೆಸ್' ಎಂದಿತ್ತು. ತಿಂಗಳ ಆದಾಯ 80,000. ಅದೇ ಪಟ್ಟಿಯಲ್ಲಿ ಕೃಷಿ ಎಂಬ ಆಯ್ಕೆ ಇದೆ, ಅವನು ಅದನ್ನು ಬಿಟ್ಟಿದ್ದ. ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರೇ ಎಂಬ ಪ್ರಶ್ನೆಗೂ 'ಇಲ್ಲ' ಎಂದು ಹಾಕಿದ್ದ. ವೀಸಾ ಸಿಗದಿದ್ದಕ್ಕೆ ಇದೇ ಕಾರಣ ಅಂತ ಕಾಗದದಲ್ಲಿ ಬರೆದಿರಲಿಲ್ಲ. ಆದರೆ ಅರ್ಜಿಯಲ್ಲಿದ್ದ ಹೆಂಗಸು ಒಬ್ಬಳು, ಕಿಟಕಿಯ ಮುಂದೆ ನಿಂತಿದ್ದವಳು ಇನ್ನೊಬ್ಬಳು ಆಗಿದ್ದಳು. ಸತ್ಯ ಹೇಳಿದ ಅವ್ವ ಅಲ್ಲಿ ಸುಳ್ಳಿಯಂತೆ ಕಂಡಳು. ಇದು ನನಗೆ ಇವತ್ತಿಗೂ ನೋವು.

ಅವನನ್ನು ಕೇಳಿದರೆ ಹೇಳಿದ್ದು ಇಷ್ಟು: "ಒಕ್ಕಲುತನ ಅಂದ್ರ ಕೊಡಂಗಿಲ್ರೀ ಅಕ್ಕಾರ. ಈ ಸಲ ರಿಜೆಕ್ಟ್ ಆಗಿದ್ದು ಹೇಳೂದೇ ಬ್ಯಾಡ, 'ಇಲ್ಲ' ಅಂತ ಹಾಕ್ತೀನಿ, ಹೊಸ ಸ್ಲಾಟ್ ತಗೋತೀನಿ."

ಆ ಎರಡನೇ ಸುಳ್ಳು ಎಷ್ಟು ದೊಡ್ಡದು ಅಂತ ತಮ್ಮ ಫೋನಿನಲ್ಲಿ ಬಿಡಿಸಿ ಹೇಳಿದ. 214(ಬಿ) ಆದವರು ಮತ್ತೆ ಪ್ರಯತ್ನ ಮಾಡಬಹುದು. ಮುಖ್ಯವಾದ ಸಂಗತಿ ಮುಚ್ಚಿಟ್ಟು ವೀಸಾ ಕೇಳಿದ್ದಾರೆ ಎಂದು ಸಾಬೀತಾದರೆ ಜೀವನಪೂರ್ತಿ ಬಾಗಿಲು ಮುಚ್ಚುವ ಕಾಯ್ದೆ ಅಲ್ಲಿದೆ. ಹಿಂದಿನ ಅರ್ಜಿ, ಬೆರಳಚ್ಚು ಎಲ್ಲ ಅವರ ಬಳಿಯೇ ಇರುವಾಗ ಮುಚ್ಚಿಡುವುದಾದರೂ ಎಲ್ಲಿ? ಏಜೆಂಟನಿಗೆ ಹೋಗುವುದು ಒಬ್ಬ ಗಿರಾಕಿ. ಅವ್ವನಿಗೆ ಹೋಗುವುದು ಮೊಮ್ಮಗನ ಮುಖ ನೋಡುವ ದಾರಿ.

ಸ್ಲಾಟ್, ಅಂದರೆ ಸಂದರ್ಶನದ ದಿನಾಂಕದ ವಿಷಯವೂ ಹಾಗೇ. ಬೇಗ ದಿನಾಂಕ ಕೊಡಿಸುತ್ತೇವೆ ಎಂದು ಸಾವಿರಗಟ್ಟಲೆ ಇಸಿದುಕೊಳ್ಳುವವರಿದ್ದಾರೆ. 2025ರ ಮಾರ್ಚಿನಲ್ಲಿ ಅಮೆರಿಕದ ರಾಯಭಾರ ಕಚೇರಿ, ಕಂಪ್ಯೂಟರ್ ಬಾಟ್‌ಗಳಿಂದ ಹಿಡಿದಿಟ್ಟ ಸುಮಾರು 2,000 ಅಪಾಯಿಂಟ್‌ಮೆಂಟ್ ರದ್ದು ಮಾಡಿತು. ಅಂಥ ಸ್ಲಾಟ್ ಕೊಂಡವರ ರೊಕ್ಕ ನೀರಿಗೆ ಹಾಕಿದಂತಾಯಿತು.

ಎರಡನೇ ಅರ್ಜಿ ನಾವೇ ತುಂಬಿದೆವು. ಮೂರು ಸಂಜೆ ಹಿಡಿಯಿತು. ನಾನು ಲ್ಯಾಪ್‌ಟಾಪ್ ಮುಂದೆ, ಅವ್ವ ಪಕ್ಕದಲ್ಲಿ ತೊಗರಿ ಹಸನು ಮಾಡುತ್ತಾ. ಪ್ರತಿ ಪ್ರಶ್ನೆ ಕನ್ನಡದಲ್ಲಿ ಓದಿ ಹೇಳಿದೆ, ಅವಳು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದೆ. ಉದ್ಯೋಗ: ಕೃಷಿ. ಆದಾಯ: ಮೂರು ವರ್ಷದ ಪಟ್ಟಿ ಕೂಡಿಸಿ ತಿಂಗಳಿಗೆ ಭಾಗಿಸಿದ ಲೆಕ್ಕ. ಹಿಂದೆ ವೀಸಾ ಸಿಗಲಿಲ್ಲವೇ: ಹೌದು. ಸಹಾಯ ಮಾಡಿದ್ದು ಯಾರು: ಮಗಳು, ನನ್ನ ಹೆಸರು. ಆ ಅರ್ಜಿಯಲ್ಲಿ ನಮ್ಮ ಭಾಷೆಯ ಲಿಪಿಯಲ್ಲಿ ಪೂರ್ತಿ ಹೆಸರು ಬರೆಯಲು ಒಂದು ಜಾಗವಿದೆ. ಏಜೆಂಟ್ ಅದನ್ನು 'ಅನ್ವಯಿಸುವುದಿಲ್ಲ' ಎಂದು ಬಿಟ್ಟಿದ್ದ. ನಾವು ಕನ್ನಡದಲ್ಲಿ ತುಂಬಿದೆವು. ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

ಈ ಸಲ ಹೋಗುವಾಗ, ಹೈದರಾಬಾದ್ ಹತ್ತಿರ 'ವೀಸಾ ದೇವರು' ಅಂತಲೇ ಹೆಸರಾದ ಚಿಲಕೂರು ಬಾಲಾಜಿಗೆ 11 ಸುತ್ತು ಹಾಕಿದೆವು. ವೀಸಾ ಸಿಕ್ಕ ಮೇಲೆ ಅವ್ವ ಮತ್ತೆ ಹೋಗಿ 108 ಸುತ್ತು ಮುಗಿಸಿ ಬಂದಳು. ಸತ್ಯ ಬರೆದದ್ದಕ್ಕೇ ಸಿಕ್ಕಿತು ಅಂತ ನಾನು ಹೇಳಲಾರೆ, ಸತ್ಯ ಬರೆದವರಿಗೂ ಸಿಗದೆ ಹೋಗುತ್ತದೆ. ಆದರೆ ಕಿಟಕಿಯ ಮುಂದೆ ಅವ್ವ ಹೆದರಲಿಲ್ಲ. ಕೇಳಿದ್ದೆಲ್ಲ ಅವಳೇ ಹೇಳಿ ಬರೆಸಿದ್ದಾಗಿತ್ತು.

ಪರ ಭಾಗದಲ್ಲಿ ಬರೆದ ತಿಳಿವಳಿಕೆ ಬೇಕೇ ಬೇಕು. ಅದನ್ನು ರೊಕ್ಕ ಕೊಟ್ಟು ಕೇಳಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಕಾಗದ ಜೋಡಿಸಲು ಕಲಿಸುವವನು ಬೇರೆ, ನಮ್ಮ ಬದುಕನ್ನೇ ಬೇರೆ ಮಾಡಿ ಬರೆಯುವವನು ಬೇರೆ. ಕೆಲಸದ ವೀಸಾದಲ್ಲಿ ಈ ವ್ಯತ್ಯಾಸ ಜೀವಕ್ಕೇ ಬರುತ್ತದೆ. ಕಲಬುರಗಿಯ ಹುಡುಗರು ಭದ್ರತಾ ಕೆಲಸ ಎಂಬ ಏಜೆಂಟನ ಮಾತು ನಂಬಿ ರಷ್ಯಾಕ್ಕೆ ಹೋಗಿ, ಯುದ್ಧದ ಜಾಗದಲ್ಲಿ ಸಿಕ್ಕಿಬಿದ್ದ ಸುದ್ದಿ 2024ರ ಫೆಬ್ರುವರಿಯಲ್ಲಿ ಬಂತು. ಅವರು ಊರಿಗೆ ಮರಳಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಅಷ್ಟು ತಿಂಗಳು ಆ ತಾಯಂದಿರು ಹೇಗೆ ದಿನ ಕಳೆದರೋ.

ಈಗ ಯಾದಗಿರಿಯಲ್ಲಿರುವ ನಮ್ಮಕ್ಕನ ಮಗ ಹೊರಟು ನಿಂತಿದ್ದಾನೆ. ವೆಲ್ಡಿಂಗ್ ಕಲಿತ ಹುಡುಗ. "ಮೊದಲು ವಿಸಿಟ್ ವೀಸಾದಾಗ ಹೋಗು, ಅಲ್ಲಿ ಹೋದ ಮ್ಯಾಲೆ ಕೆಲಸದ್ದು ಮಾಡಿಸೋಣ" ಎಂದು ಒಬ್ಬ ಹೇಳಿ, ಒಂದೂವರೆ ಲಕ್ಷ ಕೇಳಿದ್ದಾನೆ. ನೋಂದಾಯಿತ ಏಜೆಂಟ್ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ ತೆಗೆದುಕೊಳ್ಳಬಹುದು. ಅವನ ಲೈಸೆನ್ಸ್ ನಂಬರನ್ನು ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ಆ ನಂಬರ್ ಕೇಳಿ ಹನ್ನೆರಡು ದಿನವಾಯಿತು, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಹುಡುಗನ ಪಾಸ್‌ಪೋರ್ಟ್ ನಮ್ಮ ಮನೆಯ ಟ್ರಂಕಿನಲ್ಲೇ ಇರುತ್ತದೆ ಎಂದು ಅಕ್ಕನಿಗೆ ಹೇಳಿದ್ದೇನೆ.